ಯಂತ್ರ ಹುಡುಕಲಿ, ಸಹಿ ವೈದ್ಯರದೇ ಇರಲಿ

ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ಚಿತ್ರ, ಓದಲು ಕೃತಕ ಬುದ್ಧಿಮತ್ತೆಯ ನೆರವು ಪಡೆಯಬಹುದೇ ಎಂದು ಕಾರವಾರದ ಕಿರಿಯ ವೈದ್ಯರು ಕೇಳುತ್ತಿರುತ್ತಾರೆ. ಧಾರಾಳವಾಗಿ ಪಡೆಯಿರಿ ಎನ್ನುತ್ತೇನೆ. ಇದನ್ನೇ ಪರೀಕ್ಷಿಸಿದ ಸ್ವೀಡನ್ನಿನ ಮಸಾಯ್ ಅಧ್ಯಯನದ ಮೊದಲ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸುಮಾರು 80 ಸಾವಿರ ಮಹಿಳೆಯರಲ್ಲಿ, ಯಂತ್ರದ ನೆರವಿದ್ದ ಗುಂಪಿನಲ್ಲಿ ಸಾವಿರಕ್ಕೆ 6 ಕ್ಯಾನ್ಸರ್ ಪತ್ತೆಯಾದವು, ವೈದ್ಯರಷ್ಟೇ ಓದಿದ ಗುಂಪಿನಲ್ಲಿ 5. ಚಿತ್ರ ಓದುವ ಹೊರೆ ಶೇ. 44ರಷ್ಟು ಇಳಿಯಿತು. ವಿನಾಕಾರಣ ಗಾಬರಿಪಡಿಸಿ ಮತ್ತೆ ಕರೆಸಿಕೊಳ್ಳುವುದೂ ಹೆಚ್ಚಲಿಲ್ಲ.

ಆದರೆ ಅಲ್ಲಿ 40ರಿಂದ 74 ವರ್ಷದ ಪ್ರತಿ ಮಹಿಳೆಗೂ ತಪಾಸಣೆಗೆ ಕರೆ ಹೋಗುತ್ತದೆ, ಪ್ರತಿ ಚಿತ್ರವನ್ನೂ ಇಬ್ಬರು ವೈದ್ಯರು ಓದುವುದು ರೂಢಿ. ನಮ್ಮಲ್ಲಿ ಅಂಥ ವ್ಯವಸ್ಥೆಯೇ ಇಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಇರುವುದು ಕೈಯಿಂದ ಮಾಡುವ ಸ್ತನ ಪರೀಕ್ಷೆ. ಅಂಕೋಲೆಯಿಂದಲೋ ಸಿದ್ದಾಪುರದಿಂದಲೋ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಮೊದಲ ಮ್ಯಾಮೊಗ್ರಾಮ್ ಮಾಡಿಸುವುದು ಗಂಟು ಕೈಗೆ ಸಿಕ್ಕ ಮೇಲೆ. ‘ನೋವಿರಲಿಲ್ಲ, ಅದಕ್ಕೇ ಬಿಟ್ಟೆ’ ಎನ್ನುತ್ತಾರೆ. ನೋವಿಲ್ಲದ ಗಂಟಿಗೇ ನಾನು ಹೆಚ್ಚು ಹೆದರುವುದು.

ಯಂತ್ರ ಎಲ್ಲಿ ಎಡವಬಹುದು ಎಂಬುದನ್ನೂ ಹೇಳಬೇಕು. ಕರಾವಳಿಯ ಸೆಕೆಗೆ ಕಂಕುಳಿಗೆ ಪೌಡರ್ ಹಾಕಿಕೊಂಡು ಬರುವುದು ಸಹಜ. ಆ ಪೌಡರಿನ ಕಣಗಳು ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ಕ್ಯಾನ್ಸರಿನ ಆರಂಭವನ್ನು ಸೂಚಿಸಬಹುದಾದ ಕ್ಯಾಲ್ಸಿಯಂ ಕಣಗಳೂ ಹಾಗೆಯೇ ಕಾಣುತ್ತವೆ. ಯಂತ್ರ ಪೌಡರಿನ ಚುಕ್ಕೆಗಳ ಸುತ್ತಲೂ ಗೆರೆ ಎಳೆದು ಶಂಕೆಯ ಅಂಕ ಕೊಟ್ಟೀತು. ‘ಅಮ್ಮ, ಪೌಡರ್ ಹಾಕಿದ್ದೀರಾ?’ ಎಂದು ಕೇಳಿ, ಒರೆಸಿಸಿ, ಮತ್ತೊಮ್ಮೆ ಚಿತ್ರ ತೆಗೆಸುವವರು ನಾವೇ. ಇದಕ್ಕಿಂತ ದೊಡ್ಡ ತೊಡಕು ಕಿರಿಯ ವಯಸ್ಸಿನವರದು. ಅವರ ಸ್ತನದ ಅಂಗಾಂಶ ದಟ್ಟ, ಚಿತ್ರದಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ಅಲ್ಲಿ ಅಲ್ಟ್ರಾಸೌಂಡ್ ಬೇಕೇ ಬೇಕು. ಯುರೋಪಿನ ಮಹಿಳೆಯರ ಚಿತ್ರಗಳಿಂದ ಕಲಿತ ತಂತ್ರಾಂಶವನ್ನು ನಮ್ಮವರ ಚಿತ್ರಗಳಲ್ಲಿ ಪರೀಕ್ಷಿಸದೆ ನಂಬುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ: ಗಂಟು ಕೈಗೆ ಸಿಗುತ್ತಿದ್ದರೆ, ಯಂತ್ರ ಏನೂ ಇಲ್ಲವೆಂದರೂ ಆಕೆಯನ್ನು ಹಾಗೆಯೇ ಮನೆಗೆ ಕಳಿಸಬಾರದು.

ತಂತ್ರಾಂಶ ಕೊಳ್ಳಲು ಹಣ ಸಿಕ್ಕರೆ, ಜೊತೆಗೆ ಬಯಾಪ್ಸಿಯ (ಗಂಟಿನ ತುಣುಕು ತೆಗೆದು ಪರೀಕ್ಷಿಸುವ) ವ್ಯವಸ್ಥೆಯನ್ನೂ ಕೇಳಿ ಪಡೆಯಿರಿ. ಶಂಕೆ ಹುಟ್ಟಿದ ದಿನವೇ, ಅದೇ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಆಗಿ ಸೂಜಿಯಿಂದ ಮಾದರಿ ತೆಗೆಯುವಂತಿರಬೇಕು. ಮುಂದೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾದವಳು ವರದಿಯನ್ನು ಕೈಯಲ್ಲಿ ಹಿಡಿದೇ ಹೊರಡಬೇಕು.