ಸೀರಿನ ಅಂಟು, ಸೀರಣಿಗೆಯ ಹಲ್ಲು

ತಲೆ ಬಾಚಿಸಿಕೊಳ್ಳಲು ಹಟ ಮಾಡಿದರೆ ಹೇನುಗಳೆಲ್ಲ ಸೇರಿ ಜಡೆ ಹಿಡಿದು ಕೆರೆಗೆ ಎಳೆದುಕೊಂಡು ಹೋಗುತ್ತವೆ ಎಂದು ಅಜ್ಜಿ ಹೆದರಿಸುತ್ತಿದ್ದರು. ಮೂಡಿಗೆರೆ ಕಡೆಯ ನಮ್ಮೂರಿನಲ್ಲಿ ಈ ಕತೆ ಕೇಳದೆ ಬೆಳೆದವರು ಕಡಿಮೆ. ಅದರಿಂದ ಯಾರಿಗೂ ಕೇಡಾಗಲಿಲ್ಲ. ಕೇಡು ಮಾಡುತ್ತಿರುವುದು ಬೇರೆ ನಂಬಿಕೆಗಳು: ಹೇನು ಕೊಳಕರ ತಲೆಯಲ್ಲೇ ಆಗುತ್ತದೆ, ಹಾರಿ ಬಂದು ಸೇರಿಕೊಳ್ಳುತ್ತದೆ, ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಪಕ್ಕದ ಕಾಫಿ ತೋಟದ ಲೈನ್ ಮನೆಯ ಏಳು ವರ್ಷದ ಹುಡುಗಿಯನ್ನು ಶಾಲೆಯಲ್ಲಿ ಒಂಟಿಯಾಗಿ ಕೂರಿಸಿದ್ದರು. ಅವಮಾನ ತಾಳದೆ ತಾಯಿ ಮಗಳ ತಲೆ ಬೋಳಿಸಲು ಹೊರಟಿದ್ದರು. ನೆಗಡಿಯೆಂದು ಮೂಗು ಕೊಯ್ದುಕೊಂಡ ಹಾಗೆ!

ಹೇನಿಗೆ ರೆಕ್ಕೆಯಿಲ್ಲ, ನೆಗೆಯುವ ಕಾಲೂ ಇಲ್ಲ. ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ, ಅಷ್ಟೆ. ಅದಕ್ಕೆ ಬೇಕಾದದ್ದು ರಕ್ತ. ದಿನವೂ ತೊಳೆದ ತಲೆಯಲ್ಲೂ ಅದು ಸಿಗುತ್ತದೆ. ಕೊಳಕಿನ ಆರೋಪ ಸಲ್ಲಬೇಕಾದದ್ದು ಒಗೆಯದ ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಕೂರೆಗೆ, ಅಂದರೆ ಮೈಹೇನಿಗೆ. ಟೈಫಸ್ ಜ್ವರವನ್ನು ಹರಡುವುದು ಕೂರೆಯೇ ಎಂದು 1909ರಲ್ಲಿ ಟ್ಯೂನಿಸ್‌ನಲ್ಲಿ ಫ್ರೆಂಚ್ ವೈದ್ಯ ಷಾರ್ಲ್ ನಿಕೋಲ್ ತೋರಿಸಿಕೊಟ್ಟರು. ಕೂರೆಯ ಕೆಟ್ಟ ಹೆಸರು ಹೇನಿಗೆ ಅಂಟಿತು, ಹೇನಿನಿಂದ ಮಕ್ಕಳಿಗೆ.

ಅಂಟು ಎಂದಾಗ ನನಗೆ ನೆನಪಾಗುವುದು ಸೀರು. ಹೆಣ್ಣು ಹೇನು ದಿನಕ್ಕೆ 6ರಿಂದ 8 ಮೊಟ್ಟೆಗಳನ್ನು ಕೂದಲಿನ ಬುಡದಲ್ಲಿ, ಬೆಚ್ಚಗಿರುವ ಕಡೆ ಇಡುತ್ತದೆ. ಮೊಟ್ಟೆಯ ಜೊತೆ ಸುರಿಸುವ ಅಂಟು ಕೂದಲಿನ ಸುತ್ತ ಕೊಳವೆಯಂತೆ ಗಟ್ಟಿಯಾಗುತ್ತದೆ. ಅರಗು ಕಾಯಿಸಿ ಕುಡುಗೋಲನ್ನು ಹಿಡಿಗೆ ಕೂರಿಸುವುದನ್ನು ನೋಡಿದ್ದೀರಲ್ಲ, ಹಾಗೆ. ಆದರೆ ಅರಗು ಬಿಸಿಗೆ ಕರಗುತ್ತದೆ. ಇದು ಸೀಗೆಪುಡಿಗೂ ಜಗ್ಗದು, ಶಾಂಪೂವಿಗೂ ಜಗ್ಗದು. ಬಿಗಿಯಾದ ಬಳೆ ಎನ್ನೋಣವೆಂದರೆ, ಬಳೆಯನ್ನು ಸೋಪು ಹಚ್ಚಿ ಜಾರಿಸಬಹುದು. ಈ ಅಂಟೂ ಪ್ರೋಟೀನು, ಕೂದಲೂ ಪ್ರೋಟೀನು. ಒಂದನ್ನು ಕರಗಿಸುವ ರಾಸಾಯನಿಕ ಇನ್ನೊಂದನ್ನೂ ಬಿಡುವುದಿಲ್ಲ.

ಸೀರಿನ ತುದಿಯಲ್ಲಿ ಮುಚ್ಚಳ, ಮುಚ್ಚಳದಲ್ಲಿ ಗಾಳಿಯಾಡುವ ಸೂಕ್ಷ್ಮ ರಂಧ್ರಗಳು. 7ರಿಂದ 9 ದಿನವಾದಾಗ ಒಳಗಿನ ಮರಿ ಬಾಯಿಯಿಂದ ಗಾಳಿ ನುಂಗಿ ಹಿಂಬದಿಯಿಂದ ಬಿಡುತ್ತದೆ. ಒತ್ತಡ ಏರಿ ಏರಿ ಮುಚ್ಚಳ ಕಳಚುತ್ತದೆ, ಮರಿ ಹೊರಬೀಳುತ್ತದೆ. ಖಾಲಿ ಚಿಪ್ಪು ಮಾತ್ರ ಅಲ್ಲೇ ಉಳಿದು ಕೂದಲಿನ ಜೊತೆ ಮೇಲೇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ಬುಡದಿಂದ 2 ಸೆಂ.ಮೀ. ದೂರದಲ್ಲಿ ಬೆಳ್ಳಗೆ ಕಾಣುವ ಸೀರು ಎರಡು ತಿಂಗಳ ಹಿಂದಿನ ಖಾಲಿ ಮನೆ. ಅದನ್ನು ಕಂಡು ಮಗುವನ್ನು ದೂರ ಕೂರಿಸುವುದು ಅನ್ಯಾಯ.

ಕರಗಿಸಲಾಗದ್ದನ್ನು ಎಳೆದೇ ತೆಗೆಯಬೇಕು. ಇಸ್ರೇಲಿನ ಲಾಖೀಷ್ ಎಂಬಲ್ಲಿ 2016ರಲ್ಲಿ ಒಂದು ಪುಟ್ಟ ದಂತದ ಬಾಚಣಿಗೆ ಸಿಕ್ಕಿತು. ಒಂದು ಬದಿಗೆ ಸಿಕ್ಕು ಬಿಡಿಸುವ 6 ದಪ್ಪ ಹಲ್ಲು, ಇನ್ನೊಂದು ಬದಿಗೆ ಹೇನು ತೆಗೆಯುವ 14 ಸಣ್ಣ ಹಲ್ಲು. ಸುಮಾರು ಕ್ರಿ.ಪೂ. 1700ರದ್ದು. ಅದರ ಮೇಲೆ ಕೊರೆದಿದ್ದ 17 ಅಕ್ಷರಗಳನ್ನು ಓದಿದ್ದು 2022ರಲ್ಲಿ: ಈ ದಂತವು ತಲೆಯ, ಗಡ್ಡದ ಹೇನನ್ನು ಕಿತ್ತುಹಾಕಲಿ. ಅಕ್ಷರಮಾಲೆಯಲ್ಲಿ ಬರೆದ, ಈವರೆಗೆ ಸಿಕ್ಕಿರುವ ಅತಿ ಹಳೆಯ ಪೂರ್ಣ ವಾಕ್ಯಗಳಲ್ಲೊಂದು ಇದು. ದೇವರ ಸ್ತುತಿಯಲ್ಲ, ರಾಜನ ಬಿರುದಲ್ಲ, ಹೇನು! ಹಲ್ಲಿನಲ್ಲಿ ಹೇನುಮರಿಯ ಪೊರೆಯ ತುಣುಕೂ ಉಳಿದಿತ್ತು.

ಸೀಮೆಎಣ್ಣೆ ಹಚ್ಚಿದ ತಲೆಗೆ ಒಲೆಯ ಒಂದು ಕಿಡಿ ಸಾಕು. ಹೇನಿಗೆಂದು ಹಚ್ಚುವ ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣೇ ಹುಣ್ಣಾಗುತ್ತದೆ. ಆ ತಾಯಿಗೆ ಇದನ್ನೆಲ್ಲ ಹೇಳಿ, ಅಜ್ಜಿಯ ಹಳೆಯ ಸೀರಣಿಗೆಯನ್ನು ಕೊಟ್ಟೆ. ಜಗಲಿಯಲ್ಲಿ ಮಗಳನ್ನು ಕೂರಿಸಿ, ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಬುಡದಿಂದ ತುದಿಯವರೆಗೆ ಬಾಚಿದರು. ನಾಲ್ಕು ದಿನಕ್ಕೊಮ್ಮೆ ಹಾಗೆಯೇ ಮಾಡಿದರು. ಮೊದಲ ದಿನ ಬಿಳಿ ಪಂಚೆಯ ಮೇಲೆ ಹನ್ನೊಂದು ಹೇನು ಬಿದ್ದವು. ಮೂರನೆಯ ವಾರ ಒಂದೂ ಬೀಳಲಿಲ್ಲ. ಹುಡುಗಿ ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋದಳು.