ಸ್ತರಭಂಗ ಮತ್ತು ಭೂಕಂಪ: ಹಳೆಯ ಸೀಳಿನಲ್ಲಿ ಹೊಸ ಜಾರುವಿಕೆ

ಪಾಂಡವಪುರದಿಂದ ಮೇಲುಕೋಟೆಗೆ ಹೋಗುವಾಗ ರಸ್ತೆಗಾಗಿ ಕಡಿದ ಬಂಡೆಯೊಂದರ ಮೇಲೆ ಬೆರಳಗಲದ ಬಿಳಿಯ ಬೆಣಚುಕಲ್ಲಿನ ಎಳೆಯನ್ನು ಕಂಡಿದ್ದೆ. ಓರೆಯಾಗಿ ಸಾಗುವ ಆ ಎಳೆ ಒಂದು ಸೀಳು ಅಡ್ಡ ಬಂದಲ್ಲಿ ತಟ್ಟನೆ ನಿಂತು, ಸೀಳಿನಾಚೆ ನಾಲ್ಕು ಬೆರಳು ಕೆಳಗೆ ಮತ್ತೆ ಮುಂದುವರಿದಿತ್ತು. ಸ್ತರಭಂಗವನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಪಠ್ಯದಲ್ಲಿ ಸಿಕ್ಕಿಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲಿಯೂ ಸೀಳುಗಳಿಗೆ ಕೊರತೆಯಿಲ್ಲ. ಆದರೆ ಇಕ್ಕೆಲದ ಶಿಲೆ ಒಂದಕ್ಕೊಂದು ಉಜ್ಜಿಕೊಂಡು ಜರುಗಿದ್ದರೆ ಮಾತ್ರ ಅದು ಸ್ತರಭಂಗ, ಜರುಗದಿದ್ದರೆ ಬರಿಯ ಸೀಳು. ಇವೆರಡನ್ನೂ ಒಂದೇ ಎಂದು ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಸ್ತರಭಂಗದ ವಿಧಗಳು ಜರುಗುವ ದಿಕ್ಕನ್ನು ಅವಲಂಬಿಸಿವೆ. ಶಿಲೆಯನ್ನು ಇಕ್ಕಡೆಗೂ ಎಳೆದಾಗ ಓರೆ ಸೀಳಿನ ಮೇಲಿನ ಪಾರ್ಶ್ವ ಕೆಳಗಿಳಿಯುತ್ತದೆ, ಅದುಮಿದಾಗ ಅದೇ ಪಾರ್ಶ್ವ ಮೇಲೇರುತ್ತದೆ, ಪಕ್ಕಕ್ಕೆ ತಳ್ಳಿದಾಗ ಎರಡು ಪಾರ್ಶ್ವಗಳು ಅಡ್ಡಡ್ಡವಾಗಿ ಸರಿಯುತ್ತವೆ. ಇದನ್ನು ಬಾಯಿಪಾಠ ಮಾಡುವುದು ಸುಲಭ. ಜರುಗುವಿಕೆ ಭೂಕಂಪವಾಗುವುದು ಹೇಗೆ ಎಂಬುದನ್ನು ಅರಗಿಸಿಕೊಳ್ಳುವುದೇ ಕಷ್ಟ.

1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಡುಗಿದಾಗ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ಸುಮಾರು 470 ಕಿಲೋಮೀಟರ್ ಉದ್ದಕ್ಕೂ ಜಾರಿತು, ನೇರವಾಗಿದ್ದ ಬೇಲಿಗಳು ತುಂಡಾಗಿ ಕೆಲವೆಡೆ ಹಲವು ಮೀಟರ್ ದೂರ ಸರಿದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ಹಿಂದಿನ ಹಾಗೂ ಅನಂತರದ ಭೂಮಾಪನಗಳನ್ನು ಹೋಲಿಸಿ, ಸ್ತರಭಂಗದಿಂದ ದೂರದ ನೆಲ ಅದಕ್ಕೂ ಮೊದಲೇ ದಶಕಗಳ ಕಾಲ ಮೆಲ್ಲನೆ ಸರಿಯುತ್ತಿತ್ತು, ಸೀಳಿನ ಬಳಿಯ ಶಿಲೆ ಮಾತ್ರ ಕಚ್ಚಿಕೊಂಡು ಬಾಗುತ್ತಿತ್ತು ಎಂದು ತೋರಿಸಿದನು. ಬಾಗಿದ ಶಿಲೆ ಹಿಡಿತ ತಪ್ಪಿದ ಕ್ಷಣದಲ್ಲಿ ಪುಟಿದು ನೇರವಾಗುತ್ತದೆ, ಕೂಡಿಟ್ಟ ಶಕ್ತಿಯ ಒಂದಂಶ ಅಲೆಗಳಾಗಿ ಹೊರಡುತ್ತದೆ. ಇದೇ ಸ್ಥಿತಿಸ್ಥಾಪಕ ಪುಟಿತದ ಸಿದ್ಧಾಂತ. ಮಂಡ್ಯದವರಾದ ನಾವು ಕಬ್ಬಿನ ಜಲ್ಲೆಯನ್ನು ಬಗ್ಗಿಸಿ ಲಟ್ಟೆಂದು ಮುರಿಯುವುದನ್ನು ಉದಾಹರಣೆ ಕೊಡುತ್ತೇವಾದರೂ ಅದು ಅರ್ಧ ಮಾತ್ರ ಸರಿ. ಮುರಿದ ಕಬ್ಬಿನ ಕತೆ ಅಲ್ಲಿಗೆ ಮುಗಿಯುತ್ತದೆ, ಸ್ತರಭಂಗ ಎಂದೋ ಮುರಿದದ್ದು; ಅಲ್ಲಿ ಪ್ರತಿ ಸಲವೂ ಸೋಲುವುದು ಘರ್ಷಣೆ.

ಆದ್ದರಿಂದ ಇಟ್ಟಿಗೆಯ ಪ್ರಯೋಗವೇ ಮೇಲು. ನಮ್ಮ ಜಗಲಿಯ ಒರಟು ಸಿಮೆಂಟ್ ನೆಲದ ಮೇಲೆ ಒಂದು ಇಟ್ಟಿಗೆಯಿಟ್ಟು, ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ನಾಲ್ಕೈದು ರಬ್ಬರ್ ಬ್ಯಾಂಡ್ ಪೋಣಿಸಿ ಒಂದೇ ವೇಗದಲ್ಲಿ ಎಳೆದೆ. ರಬ್ಬರ್ ಒಂದು ಗೇಣು ಹಿಗ್ಗಿದರೂ ಮಿಸುಕದ ಇಟ್ಟಿಗೆ ಒಮ್ಮೆಲೇ ಸರಕ್ಕನೆ ಮುಂದೆ ಹಾರಿ ಮತ್ತೆ ಕಚ್ಚಿ ನಿಂತಿತು. ಎಳೆಯುವ ಕೈ ಒಂದೇ ಸಮನಾಗಿದ್ದರೂ ಒಂದು ಜಿಗಿತ ಎರಡು ಬೆರಳಾದರೆ ಇನ್ನೊಂದು ಅರ್ಧ ಬೆರಳು; ಭೂಕಂಪದ ದಿನಾಂಕವನ್ನು ಮೊದಲೇ ಹೇಳಲಾಗದ ತೊಡಕಿನ ಒಂದು ಮುಖ ಇಲ್ಲಿಯೇ ಕಾಣುತ್ತದೆ. ಮೇಲೆ ಇನ್ನೊಂದು ಇಟ್ಟಿಗೆ ಹೇರಿದರೆ ಹಿಡಿತ ಬಲವಾಗುತ್ತದೆ. ಹೇರಿದ್ದನ್ನು ಎಳೆತದ ನಡುವೆಯೇ ಮೆಲ್ಲನೆ ಎತ್ತಿದರೆ, ಎಳೆತ ಹೆಚ್ಚದಿದ್ದರೂ ಕೆಳಗಿನದು ಜಾರಿಬಿಡುತ್ತದೆ. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ.

ಜಾರುವಿಕೆ ಆರಂಭವಾಗುವ ಬಿಂದು ಭೂಕಂಪನಾಭಿ, ಅದರ ನೇರ ಮೇಲೆ ನೆಲದಲ್ಲಿರುವುದು ಅಧಿಕೇಂದ್ರ. ನಾಭಿಯಿಂದ ಈ ಜಾರುವಿಕೆ ಸೀಳಿನುದ್ದಕ್ಕೂ ಸಾಮಾನ್ಯವಾಗಿ ಸೆಕೆಂಡಿಗೆ 2ರಿಂದ 3 ಕಿಲೋಮೀಟರ್ ವೇಗದಲ್ಲಿ ಹರಡುತ್ತದೆ. ಮೊದಲು ತಲಪುವ ಪ್ರಾಥಮಿಕ ಅಲೆ ಭೂಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಅದರ ಹಿಂದೆ ಬರುವ ದ್ವಿತೀಯಕ ಅಲೆ ಸುಮಾರು 3.5 ಕಿಲೋಮೀಟರ್ ಸಾಗುವುದರಿಂದ, ಇವೆರಡೂ ಬಂದು ತಲಪುವ ಹೊತ್ತಿನ ನಡುವಿನ ಪ್ರತಿ ಸೆಕೆಂಡ್ ಅಂತರಕ್ಕೂ ನಾಭಿ ಸುಮಾರು 8 ಕಿಲೋಮೀಟರ್ ದೂರವೆಂದು ಲೆಕ್ಕ ಹಾಕಬಹುದು. ಕಲ್ಲುಗಣಿಯ ಸಿಡಿತಕ್ಕೆ ಕಿಟಕಿ ಅದುರಿದಾಗ ನಮ್ಮ ಕಡೆ ‘ಭೂಕಂಪವೇ?’ ಎಂಬ ಪ್ರಶ್ನೆ ಏಳುವುದುಂಟು. ಸಿಡಿತದ ಮೊದಲ ಅಲೆ ಸುತ್ತಲಿನ ನೆಲವನ್ನೆಲ್ಲ ಹೊರಕ್ಕೆ ತಳ್ಳುತ್ತದೆ. ಸ್ತರಭಂಗದ ಜಾರುವಿಕೆಯಲ್ಲಾದರೋ ಸುತ್ತಲಿನ ನೆಲವನ್ನು ನಾಲ್ಕು ಪಾಲು ಮಾಡಿದರೆ ಎದುರುಬದುರಿನ ಎರಡು ಪಾಲುಗಳಲ್ಲಿ ತಳ್ಳಿಕೆ, ಉಳಿದೆರಡರಲ್ಲಿ ಸೆಳೆತ ಕಾಣುತ್ತದೆ. ಹಲವು ಭೂಕಂಪಮಾಪನ ಕೇಂದ್ರಗಳ ದಾಖಲೆಯನ್ನು ಒಟ್ಟಿಗಿಟ್ಟು ನೋಡಿದರೆ ಈ ಗುರುತು ಸಿಗುತ್ತದೆ.

ನಮ್ಮ ಪರ್ಯಾಯ ದ್ವೀಪದ ಶಿಲೆ ಬಹು ಪ್ರಾಚೀನವಾದರೂ ಸುಮ್ಮನಿಲ್ಲ. ಭಾರತವನ್ನು ಹೊತ್ತ ಭೂಚಿಪ್ಪಿನ ಫಲಕ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿರುವುದರಿಂದ ಒಳನಾಡಿನ ಹಳೆಯ ಸೀಳುಗಳಿಗೂ ಆ ಅದುಮು ತಲಪುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಾಗ, ಆ ಪ್ರದೇಶ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು.

ಮಹಾರಾಷ್ಟ್ರದ್ದೇ ಆದ ಕೊಯ್ನಾದ ಪಾಠ ಬೇರೆ. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಂತ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, ಅಲ್ಲಿ 6ನ್ನು ಮೀರಿದ ಪ್ರಮಾಣದ ಭೂಕಂಪವಾಯಿತು. ನೀರಿನ ಭಾರವೇ ಶಿಲೆಯನ್ನು ಒಡೆಯಿತೆಂದು ಬರೆದರೆ ಉತ್ತರ ಅಪೂರ್ಣ. ಸೀಳಿನೊಳಗೆ ಇಳಿದ ನೀರಿನ ಒತ್ತಡ ಇಕ್ಕೆಲದ ಶಿಲೆಯನ್ನು ಪರಸ್ಪರ ದೂಡಿ, ಮೇಲಿನ ಇಟ್ಟಿಗೆಯನ್ನು ಎತ್ತಿದಂತೆ, ಹಿಡಿತವನ್ನು ಸಡಿಲಿಸುತ್ತದೆ. ಶಿಲೆಯ ಅದುಮು ಮೊದಲೇ ಕೂಡಿರದ ಸೀಳಿನಲ್ಲಿ ಎಷ್ಟು ನೀರಿಳಿದರೂ ಜಾರುವುದಕ್ಕೆ ಏನೂ ಇರುವುದಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ಸುದ್ದಿ ಬಂದಾಗಲೆಲ್ಲ ಕೊಯ್ನಾದ ಹೆಸರೆತ್ತುವ ಗೆಳೆಯರಿಗೆ ನಾನು ಹೇಳುವುದು ಇಷ್ಟು: ನೀರಿನ ಆಳ ಮೊದಲ ಪ್ರಶ್ನೆ, ಅಡಿಯ ಶಿಲೆಯಲ್ಲಿ ಜಾರಲು ಸಿದ್ಧವಾದ ಸ್ತರಭಂಗವಿದೆಯೇ ಎಂಬುದು ಎರಡನೆಯದು, ಮತ್ತು ಎರಡನೆಯದಕ್ಕೆ ಉತ್ತರ ಕಟ್ಟೆಯ ಮೇಲಿನ ಅಳತೆಪಟ್ಟಿಯಲ್ಲಿ ಸಿಗುವುದಿಲ್ಲ.