ಫುಟ್‌ಪಾತ್ ಇಲ್ಲ, ನೀರು ನಾಲ್ಕು ದಿನಕ್ಕೊಮ್ಮೆ: ಕಾಯಿಲೆ ಬಂದರೆ ತಪ್ಪು ಯಾರದು?

ಪ್ರಶ್ನೆ: ದಿನಾ ಅರ್ಧ ಗಂಟೆ ನಡೀರಿ, ಮನೆಯಲ್ಲಿ ನೀರು ನಿಲ್ಲಿಸಬೇಡಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಬಡಾವಣೆಯಲ್ಲಿ ಫುಟ್‌ಪಾತೇ ಇಲ್ಲ, ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಕಾಯಿಲೆ ಬಂದರೆ ತಪ್ಪು ನಮ್ಮದೇನಾ?

ಉತ್ತರ: ಪೂರ್ತಿ ನಿಮ್ಮದಂತೂ ಅಲ್ಲ. ನಿಮ್ಮ ನೀರಿನ ಡ್ರಮ್ಮನ್ನೇ ನೋಡೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ತಿಳಿನೀರೇ ಇಷ್ಟ. ಡ್ರಮ್ಮಿನ ಒಳಮೈಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಮೊಟ್ಟೆ ಅಂಟಿಸುತ್ತದೆ. ಡ್ರಮ್ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಮತ್ತೆ ನೀರು ತುಂಬಿದಾಗ ಒಡೆದು ಮರಿಯಾಗುತ್ತದೆ, 8-10 ದಿನದಲ್ಲಿ ಸೊಳ್ಳೆ. ದಿನಾ ನೀರು ಬರುವ ಮನೆಗೆ ಈ ಡ್ರಮ್ಮೇ ಬೇಡ. ನಿಮಗೆ ಬೇಕೇ ಬೇಕು. ಅದನ್ನು ಪೂರ್ತಿ ಖಾಲಿ ಮಾಡುವ ಧೈರ್ಯ ಯಾರಿಗಿದೆ ಹೇಳಿ? ಈ ಸೊಳ್ಳೆ ಕೆಲವು ನೂರು ಮೀಟರ್ ದಾಟುವುದೂ ಅಪರೂಪ. ಅಂದ್ರೆ ನಿಮ್ಮನ್ನು ಕಚ್ಚಿದ್ದು ಪಕ್ಕದ ಮನೆಯ ಡ್ರಮ್ಮಿನದ್ದೂ ಆಗಿರಬಹುದು.

ಕಣ್ಣಿಗೆ ಕಾಣದ ಕಾಟ ಇನ್ನೊಂದಿದೆ. ನೀರು ಬಿಡದ ದಿನ ಪೈಪಿನಲ್ಲಿ ಒತ್ತಡ ಇರಲ್ಲ. ಆಗ ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಗೆ ಸೇರಿಕೊಳ್ಳುತ್ತದೆ. ವಾಂತಿ-ಭೇದಿ ಶುರುವಾಗೋದು ಹೀಗೂ ಹೌದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ 2008ರ ಹೊತ್ತಿಗೇ 24 ಗಂಟೆ ನೀರು ಕೊಟ್ಟು ತೋರಿಸಿದ್ದಾರೆ. ಆಗದ ಕೆಲಸವೇನಲ್ಲ.

ಇನ್ನು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದ 1.8 ಮೀಟರ್ ಜಾಗ ಬೇಕು, ಎತ್ತರ 15 ಸೆಂ.ಮೀ. ಮೀರಬಾರದು ಅನ್ನುತ್ತದೆ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಮ್ಮಲ್ಲಿ ಎಷ್ಟೋ ಕಡೆ ಅದು ಮೊಣಕಾಲೆತ್ತರ, ಮೇಲೊಂದು ಟ್ರಾನ್ಸ್‌ಫಾರ್ಮರ್. ಮಂಡಿನೋವಿನ ಅಜ್ಜಿ ಹತ್ತೋದು ಹೇಗೆ? ಶುಗರ್ ಮಾತ್ರೆ ನುಂಗಿ ಮನೆಯಲ್ಲೇ ಕೂರ್ತಾರೆ, ಅವರಿಗೆ ಸೋಮಾರಿ ಅನ್ನೋ ಬಿರುದು ಬೇರೆ.

ಬೀದಿ ಚೆನ್ನಾಗಿದ್ದರೆ ಕಾಯಿಲೆ ಕಡಿಮೆ ಅನ್ನೋದು ನಮ್ಮವರಿಗೆ ಗೊತ್ತಿಲ್ಲದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಅಗಲ ರಸ್ತೆ ಬಿಟ್ಟು ಬೆಳೆಸಿದರು.

ವಾರ್ಡ್ ಕಚೇರಿಗೆ ಅರ್ಜಿ ಕೊಡುವಾಗ ಸುಮ್ನೆ ‘ಸೊಳ್ಳೆ ಕಾಟ’ ಅಂತ ಬರೆದರೆ ಫಾಗಿಂಗ್ ಮಾಡಿ ಹೋಗ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತೆ ಅಂತ ತಾರೀಖು ಸಮೇತ ಬರೆಯಿರಿ, ಬೀದಿಯವರೆಲ್ಲ ಸಹಿ ಹಾಕಿ. ಅಲ್ಲಿವರೆಗೆ ವಾರಕ್ಕೊಮ್ಮೆ, ನೀರು ಬಿಡುವ ಮುಂಚೆ, ಡ್ರಮ್ಮಿನ ಒಳಮೈಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ತುಂಬಿದ ಮೇಲೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.